ಧರೆಯ ನೀರು, ತಳಪಾಯ ಮತ್ತು ವಿಮೆ

ಕುದುರೆಮುಖದ ಮಗ್ಗುಲಿನ ಮೂಡಿಗೆರೆ, ಕಳಸ ಭಾಗಗಳಲ್ಲಿ ಗುಡ್ಡದ ಒಂದು ಬದಿಯನ್ನು ಕಡಿದು, ಆ ಮಣ್ಣನ್ನು ಇನ್ನೊಂದು ಬದಿಗೆ ತುಂಬಿ ಮನೆಯನ್ನೋ ಗೋದಾಮನ್ನೋ ಕಟ್ಟುವುದು ರೂಢಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕು ಕಂಡಂತಹ ಭೂಕುಸಿತದ ನಷ್ಟವನ್ನು, 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಹಾಗೂ 5 ಕೋಟಿ ರೂ.ವರೆಗಿನ ಉದ್ದಿಮೆಗಳ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಗಳು ಭರಿಸುತ್ತವೆ. ಆದರೆ ತುಂಬಿದ ಮಣ್ಣು ಕುಗ್ಗಿ ಗೋಡೆ ಬಿರುಕು ಬಿಟ್ಟರೆ ಪರಿಹಾರವಿಲ್ಲ. ದೋಷಪೂರಿತ ನಿರ್ಮಾಣಕ್ಕೂ ಇಲ್ಲ. ಷರತ್ತುಗಳ ಈ ಪುಟವನ್ನು ಓದುವವರು ವಿರಳ.

ಆದುದರಿಂದ ಮುಂಗಾರಿಗೆ ಮೊದಲೇ ಧರೆಯ ನೆತ್ತಿಯಲ್ಲಿ ಅಡ್ಡ ಚರಂಡಿ ತೆಗೆಸಿ, ಮಾಡಿನ ನೀರನ್ನು ಪೈಪಿನ ಮೂಲಕ ತುಂಬಿದ ಮಣ್ಣಿನಾಚೆಗೆ ಸಾಗಿಸತಕ್ಕದ್ದು. ತಡೆಗೋಡೆಯಲ್ಲಿ ನೀರಿಳಿಯುವ ರಂಧ್ರಗಳಿರಲಿ. ಉದ್ಯಮದ ಕಟ್ಟಡವಾದರೆ, ಇರುವ ಚರಂಡಿಯ ದುರಸ್ತಿ ವೆಚ್ಚವನ್ನು ಆಯಾ ವರ್ಷದ ಲಾಭದಿಂದಲೇ ಕಳೆಯಬಹುದು. ಹೊಸ ತಡೆಗೋಡೆ ಬಂಡವಾಳ ವೆಚ್ಚ, ಅದಕ್ಕೆ ಸವಕಳಿ ಮಾತ್ರ. ಗುತ್ತಿಗೆದಾರರಿಂದ ಎರಡಕ್ಕೂ ಪ್ರತ್ಯೇಕ ಬಿಲ್ಲು ಪಡೆಯಿರಿ.