ಮನೆಯ ರೌಟರೂ ಆಚೆಯ ದಡವೂ

ಸುತ್ತೂರು ಕಪಿಲೆಯ ದಡದ ಊರು. ಹೊಳೆಯ ದಡದಲ್ಲಿ ಬೆಳೆದವರಿಗೆ ಹರಿಗೋಲಿನ ವ್ಯವಹಾರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಾಟಬೇಕಾದವನು ಕೂಗಬೇಕು, ಅಂಬಿಗನು ಓಗೊಡಬೇಕು. ಒಬ್ಬನ ಮಾತು ಮತ್ತೊಬ್ಬನಿಗೆ ತಿಳಿಯದಿದ್ದರೆ ಹೊಳೆಯು ಎಷ್ಟು ಶಾಂತವಾಗಿದ್ದರೂ ಪ್ರಯಾಣವಿಲ್ಲ. ಮನೆಯ ಇಂಟರ್ನೆಟ್ ಸಂಪರ್ಕದ ರೀತಿಯೂ ಇದೇ.

ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳ ಪರೀಕ್ಷೆಯ ಅರ್ಜಿಗೆ ಅಂದೇ ಕಡೆಯ ದಿನ. ರೌಟರಿನ ದೀಪಗಳು ಉರಿಯುತ್ತಿವೆ. ಇಂಟರ್ನೆಟ್ ಮಾತ್ರ ಇಲ್ಲ. ಗೃಹಸ್ಥನು ಗಾಬರಿಯಿಂದ ಪೆಟ್ಟಿಗೆಯ ಹಿಂದಿನ ರೀಸೆಟ್ ರಂಧ್ರಕ್ಕೆ ಕಡ್ಡಿಯನ್ನು ಚುಚ್ಚುತ್ತಾನೆ. ಅದರೊಳಗೆ ಬರೆದಿಟ್ಟಿದ್ದ ಬಳಕೆದಾರನ ಹೆಸರೂ ಪಾಸ್‌ವರ್ಡೂ ಆ ಕ್ಷಣವೇ ಅಳಿಸಿಹೋಗುತ್ತವೆ. ಸಣ್ಣದಾಗಿದ್ದ ತೊಂದರೆಯು ದೊಡ್ಡದಾಯಿತು!

ಇದಕ್ಕೆ ಕಾರಣವೇನು? ರೌಟರಿನಲ್ಲಿ ಹೊರಜಗತ್ತಿನ ಕಡೆಗಿರುವ ದ್ವಾರಕ್ಕೆ ವ್ಯಾನ್ ಎಂದು ಹೆಸರು. ಅಲ್ಲಿಯೂ ಕಂಪನಿಯ ಕಡೆಯಲ್ಲಿಯೂ ಒಂದೇ ನಿಯಮವು ನಡೆಯತಕ್ಕದ್ದು. ಟೆಲಿಫೋನ್ ತಂತಿಯ ದಿನಗಳಲ್ಲಿ ರೂಢಿಗೆ ಬಂದ ‘ಪಿಪಿಪಿ’ ಎಂಬ ನಿಯಮವನ್ನು ಈಥರ್‌ನೆಟ್ಟಿಗೆ ಹೊಂದಿಸಿದ ‘ಪಿಪಿಪಿಓಇ’ಯು 1999ರಲ್ಲಿ ಪ್ರಕಟವಾಯಿತು. ಇಂದಿಗೂ ಅನೇಕ ಫೈಬರ್ ಸಂಪರ್ಕಗಳಲ್ಲಿ ಇದೇ ಬಳಕೆಯಲ್ಲಿದೆ. ಇದರಲ್ಲಿ ಮೊದಲು ನಾಲ್ಕು ಸಂದೇಶಗಳು ನಡೆಯುತ್ತವೆ: ರೌಟರು ‘ಯಾರಾದರೂ ಇದ್ದೀರಾ?’ ಎನ್ನುತ್ತದೆ, ಆಚೆಯಿಂದ ‘ನಾನಿದ್ದೇನೆ’ ಎಂದು ಉತ್ತರ ಬರುತ್ತದೆ, ರೌಟರು ಸಂಪರ್ಕವನ್ನು ಬೇಡುತ್ತದೆ, ಆಚೆಯವರು ಒಪ್ಪಿ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಆ ತರುವಾಯ ಹೆಸರು, ಪಾಸ್‌ವರ್ಡುಗಳ ಪರೀಕ್ಷೆ. ಕಡೆಗೆ ಐಪಿ ವಿಳಾಸದ ದಾನ.

ರೌಟರನ್ನು ಹೊಸದಾಗಿ ಅಣಿಮಾಡುವವರು ತಮ್ಮ ಸಂಪರ್ಕದ ಬಗೆಯನ್ನು ಕಂಪನಿಯವರಿಂದ ಮೊದಲು ಕೇಳಿ ತಿಳಿಯಬೇಕು. ಪಿಪಿಪಿಓಇ ಎಂದಾದರೆ ವ್ಯಾನ್ ಪುಟದಲ್ಲಿ ಅದನ್ನೇ ಆರಿಸಿ, ಹೆಸರನ್ನೂ ಪಾಸ್‌ವರ್ಡನ್ನೂ, ಅವರು ವಿಲ್ಯಾನ್ ಸಂಖ್ಯೆಯನ್ನು ಕೊಟ್ಟಿದ್ದರೆ ಅದನ್ನೂ, ಅಕ್ಷರ ತಪ್ಪದಂತೆ ತುಂಬಿ ಉಳಿಸಬೇಕು. ಎಂಟಿಯು ಎಂಬಲ್ಲಿ ಸಾಮಾನ್ಯವಾಗಿ 1492 ಇರತಕ್ಕದ್ದು. ಈಥರ್‌ನೆಟ್ಟಿನ ಒಂದು ಮೂಟೆಯಲ್ಲಿ ಹಿಡಿಸುವ ಸರಕು 1500 ಬೈಟು. ಈ ನಿಯಮದ ಚೀಟಿಗೆ 8 ಬೈಟು ಹೋದರೆ ಉಳಿಯುವುದು ಅಷ್ಟೇ.

ದೋಷವನ್ನು ಗುರುತಿಸುವುದೂ ಕಷ್ಟವಲ್ಲ. ‘ಲಾಸ್’ ಎಂಬ ದೀಪವು ಕೆಂಪಾಗಿದ್ದರೆ ಬೆಳಕು ಫೈಬರಿನಿಂದ ಬರುತ್ತಿಲ್ಲ. ರೌಟರನ್ನು ಮುಟ್ಟಿ ಫಲವಿಲ್ಲ. ಕೂಗಿಗೆ ಉತ್ತರವೇ ಬಾರದಿದ್ದರೆ ತಂತಿಯನ್ನೂ ವಿಲ್ಯಾನ್ ಸಂಖ್ಯೆಯನ್ನೂ ನೋಡಬೇಕು. ಉತ್ತರ ಬಂದೂ ಪ್ರವೇಶ ದೊರೆಯದಿದ್ದರೆ ಹೆಸರನ್ನೂ ಪಾಸ್‌ವರ್ಡನ್ನೂ ಪರಿಶೀಲಿಸಬೇಕು. ಸಂಪರ್ಕವಿದ್ದೂ ಕೆಲವು ಪುಟಗಳು ಮಾತ್ರ ತೆರೆಯದಿದ್ದರೆ ಎಂಟಿಯುವಿನ ಮೇಲೆ ಸಂಶಯಪಡಬಹುದು.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದುಂಟು. ಸಂಪರ್ಕವು ಸರಿಯಾಗಿರುವಾಗಲೇ ಆ ಹೆಸರು, ಪಾಸ್‌ವರ್ಡು, ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿ ಭದ್ರವಾಗಿಡಿರಿ. ಆಮೇಲೆ ಕಡ್ಡಿಯನ್ನು ಹಿಡಿಯಬೇಕಾಗಿ ಬಂದರೂ ಮನೆಯವರು ಹೆದರಬೇಕಾಗಿಲ್ಲ.