ಕಚೇರಿಗಳು ಮಾತಾಡಿಕೊಳ್ಳುತ್ತವೆ, ನಮ್ಮ ದಾಖಲೆ ಸರಿ ಉಂಟೇ?

ನಮ್ಮ ತೋಟದ ಕೆಳಗಿನ ಮನೆಯ ಅಜ್ಜಿಗೆ 72 ವರ್ಷ. ಈಗಲೂ ಹಾಳೆ ಹೆಕ್ಕುತ್ತಾರೆ. ಅಡಿಕೆ ಸುಲಿಯಲು ಕೂತರೆ ನಮ್ಮನ್ನೆಲ್ಲ ಹಿಂದೆ ಹಾಕುತ್ತಾರೆ. ಸ್ವಂತದ್ದು ಮುಕ್ಕಾಲು ಎಕರೆ ಜಾಗ. ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಅವರ ಔಷಧಿಗೆ, ಎಲೆ-ಅಡಿಕೆಗೆ ಆಗುತ್ತಿತ್ತು. ಒಂದು ತಿಂಗಳು ಅದು ಬರಲಿಲ್ಲ. ಸರಕಾರದ ದುಡ್ಡು ಹಿಂದೆ ಮುಂದೆ ಆಗುವುದುಂಟು ಎಂದು ಸುಮ್ಮನಿದ್ದರು. ಎರಡನೇ ತಿಂಗಳೂ ಇಲ್ಲ. ಮೂರನೇ ತಿಂಗಳು ರೇಷನ್ ಅಂಗಡಿಗೆ ಹೋದರೆ ಕಾರ್ಡಿನಲ್ಲಿ ಅವರ ಹೆಸರೇ ಇಲ್ಲ! ಆಗ ನನ್ನ ಹತ್ತಿರ ಬಂದರು. "ನನ್ನ ಹೆಸರು ಎಲ್ಲಿ ಹೋಯಿತು, ಒಮ್ಮೆ ನೋಡಿ ಹೇಳಿ ಅಣ್ಣಾ."

ಪಂಚಾಯತಿಗೆ ಹೋದೆವು. "ಪೆನ್ಶನ್ ನಮ್ಮದಲ್ಲ, ಕಂದಾಯದವರದ್ದು" ಎಂದರು. ಕಂದಾಯದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದಿದ್ದ ಹುಡುಗಿ ಪರದೆ ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿದಳು. "ಮರಣ ಅಂತ ತೋರಿಸ್ತದೆ" ಎಂದಳು ಸಣ್ಣ ದನಿಯಲ್ಲಿ. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಏನಂತೆ ಎಂದು ನನ್ನನ್ನು ಕೇಳಿದರು. ಏನು ಹೇಳುವುದು?

ಆದದ್ದು ಇಷ್ಟು. ಅಜ್ಜಿಯ ಅಕ್ಕ ಅದೇ ಮನೆಯಲ್ಲಿದ್ದವರು. ಅವರು ತೀರಿಕೊಂಡಾಗ ಮರಣ ನೋಂದಣಿಗೆ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಅಕ್ಕ-ತಂಗಿ ಇಬ್ಬರ ಆಧಾರ್ ಕಾರ್ಡೂ ಇತ್ತು. ಹಾಳೆ ಉಳಿಯಲಿ ಎಂದು ಅಂಗಡಿಯವ ಒಟ್ಟಿಗೇ ತೆಗೆದು ಕೊಟ್ಟಿದ್ದ. ಟೈಪ್ ಮಾಡಿದವರು ಅಕ್ಕನ ಹೆಸರು ಹಾಕಿ ತಂಗಿಯ ನಂಬರು ಒತ್ತಿಬಿಟ್ಟರು. ಕಂಪ್ಯೂಟರಿಗೆ ಹೆಸರಿಗಿಂತ ನಂಬರು ದೊಡ್ಡದು. ಅಲ್ಲಿಂದ ಸುದ್ದಿ ತಾನಾಗಿ ಪೆನ್ಶನ್ ಪಟ್ಟಿಗೆ ಹೋಯಿತು, ರೇಷನ್ ಪಟ್ಟಿಗೆ ಹೋಯಿತು. ಯಾರೂ ಅರ್ಜಿ ಕೊಡಲಿಲ್ಲ, ಯಾರೂ ಸಹಿ ಹಾಕಲಿಲ್ಲ.

ಆ ತಪ್ಪು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಸೊಸೈಟಿಗೆ ಅಡಿಕೆ ತೂಕದ ಚೀಟಿ ಬರೆಯುವಾಗ ನಾನೂ ನಂಬರು ತಪ್ಪಿಸಿದವನೇ. ನನ್ನ ತಕರಾರು ಬೇರೆ. ಹೆಸರು ಹೋಗುವಾಗ ಎರಡೂ ಕಚೇರಿಗೆ ಸುದ್ದಿ ಒಟ್ಟಿಗೆ ಓಡಿತು. ಹೆಸರು ವಾಪಸು ಬರುವಾಗ ಮಾತ್ರ ಯಾವ ಕಚೇರಿಯೂ ಇನ್ನೊಂದಕ್ಕೆ ಹೇಳಲಿಲ್ಲ. ಮರಣದ ದಾಖಲೆ ತಿದ್ದಿಸಲು ಒಂದು ಕಡೆ, ಪೆನ್ಶನ್‌ಗೆ ಇನ್ನೊಂದು ಕಡೆ, ರೇಷನ್ನಿಗೆ ಮತ್ತೊಂದು ಕಡೆ. ಪ್ರತಿ ಕಡೆಗೂ ಅಜ್ಜಿಯೇ ಖುದ್ದಾಗಿ ಹೋಗಿ ನಿಂತು, ತಾನು ಬದುಕಿದ್ದೇನೆ ಎಂದು ತೋರಿಸಬೇಕಾಯಿತು.

ಏನೇನು ಜೋಡಣೆ ಆಗಿದೆ?

ಇದೆಲ್ಲ ನಮಗೆ ಸಂಬಂಧಪಡದ್ದು ಎಂದು ಕೃಷಿಕರು ತಿಳಿಯುವ ಹಾಗಿಲ್ಲ. 2000ದಲ್ಲಿ ಭೂಮಿ ಯೋಜನೆಯಲ್ಲಿ ನಮ್ಮ ಆರ್‌ಟಿಸಿಗಳು ಕಂಪ್ಯೂಟರಿಗೆ ಏರತೊಡಗಿದವು. ಆಗ ಅದು ಬರೇ ಪ್ರಿಂಟು ತೆಗೆಯುವ ವ್ಯವಸ್ಥೆ ಎಂದುಕೊಂಡಿದ್ದೆವು. ಈಗ ಅದೇ ಬುಡ. ಅದರ ಮೇಲೆ ಫ್ರೂಟ್ಸ್ ಎಂಬ ರೈತರ ಪಟ್ಟಿ ಉಂಟು. ಅದರಲ್ಲಿ ಪ್ರತಿಯೊಬ್ಬರಿಗೆ ಎಫ್‌ಐಡಿ ನಂಬರು. ಆಧಾರ್, ಸರ್ವೆ ನಂಬರು, ಬ್ಯಾಂಕು ಮೂರೂ ಅದರಲ್ಲಿ ಕೂತಿವೆ. ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ, ಸಬ್ಸಿಡಿ ಎಲ್ಲ ಅದನ್ನು ನೋಡಿಯೇ ನಡೆಯುತ್ತವೆ. ಇನ್ನೊಂದು ಬದಿಯಲ್ಲಿ ಕುಟುಂಬ ಎಂಬ ಪಟ್ಟಿ. ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾರಿಗೆ ಯಾವ ಸವಲತ್ತು ಸಿಗುತ್ತದೆ ಎಂಬುದು ಅದರಲ್ಲಿ. ಹುಟ್ಟು-ಸಾವಿನ ಲೆಕ್ಕಕ್ಕೆ ಇ-ಜನ್ಮ. ಜನನ ಮರಣ ನೋಂದಣಿ ಕಾಯ್ದೆಗೆ ಕೇಂದ್ರ ಸರಕಾರ 2023ರಲ್ಲಿ ತಿದ್ದುಪಡಿ ತಂದು ಆ ಅಕ್ಟೋಬರ್ 1ರಿಂದ ಜಾರಿ ಮಾಡಿತು. ಈ ದಾಖಲೆಯನ್ನು ರೇಷನ್ ಕಾರ್ಡು, ಮತದಾರರ ಪಟ್ಟಿ ಮುಂತಾದವುಗಳ ಜತೆ ಹಂಚಿಕೊಳ್ಳಲು ಅದರಲ್ಲಿ ದಾರಿ ಉಂಟು. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಳ್ಳಿಯ ಜನನ-ಮರಣ ನೋಂದಣಿ ಗ್ರಾಮ ಪಂಚಾಯತಿನ ಕಾರ್ಯದರ್ಶಿಗಳ ಕೈಗೂ ಬಂತು. ಹಾಗಾಗಿ ನಮ್ಮ ಪಂಚಾಯತಿನ ಮೇಜಿನ ಮೇಲೆ ಒತ್ತಿದ ಒಂದು ಅಂಕೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಒತ್ತಿದವರಿಗೇ ಅಂದಾಜಿರುವುದಿಲ್ಲ.

ಒಳ್ಳೆಯದು ಆಗಲಿಲ್ಲವೇ ಎಂದರೆ ಆಗಿದೆ. 2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ನಮ್ಮ ಊರಿನ ಹಲವು ಮಕ್ಕಳಿಗೆ ಅರ್ಜಿಯೇ ಇಲ್ಲದೆ ದುಡ್ಡು ಬಂತು. ಅಪ್ಪನ ಎಫ್‌ಐಡಿ ಒಂದು ಪಟ್ಟಿಯಲ್ಲಿ, ಮಗಳ ಕಾಲೇಜು ಇನ್ನೊಂದು ಪಟ್ಟಿಯಲ್ಲಿ. ಎರಡನ್ನೂ ಯಂತ್ರವೇ ತಾಳೆ ನೋಡಿತು. ಪಿಯುಸಿ ಹುಡುಗಿಗೆ 3,000 ರೂಪಾಯಿ, ಹುಡುಗನಿಗೆ 2,500. ನೆರೆಮನೆಯವರು ಬ್ಯಾಂಕಿನ ಮೆಸೇಜು ನೋಡಿ, ಯಾರೋ ತಪ್ಪಿ ಹಾಕಿದ್ದಾರೆ, ವಾಪಸು ಕೇಳಿಯಾರು ಎಂದು ಎರಡು ತಿಂಗಳು ಮುಟ್ಟಲೇ ಇಲ್ಲ! ಸರಕಾರ ತಾನಾಗಿ ಕೊಟ್ಟ ಅಭ್ಯಾಸ ನಮಗಿಲ್ಲ ನೋಡಿ. 2021ರಲ್ಲೇ ಬಂದ ಮನೆ ಬಾಗಿಲಿಗೆ ಮಾಸಾಶನ ಯೋಜನೆಯದ್ದೂ ಇದೇ ಯೋಚನೆ. 60 ತುಂಬಿದ ಬಡವರನ್ನು ಪಟ್ಟಿಯಿಂದಲೇ ಹುಡುಕಿ ಪೆನ್ಶನ್ ಕೊಡುವುದು.

ಬಯಲುಸೀಮೆಯವರಿಗೆ 2023ರ ಬರಗಾಲ ಮರೆತಿರಲಿಕ್ಕಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಪರಿಹಾರವನ್ನು ಫ್ರೂಟ್ಸ್ ಪಟ್ಟಿ ನೋಡಿ ನೇರ ಖಾತೆಗೆ ಹಾಕುವುದೆಂದು ತೀರ್ಮಾನ ಆಯಿತು. ಆಗ ಗೊತ್ತಾದದ್ದು, ಎಷ್ಟೋ ಜನರ ಎಫ್‌ಐಡಿಯಲ್ಲಿ ಪೂರ್ತಿ ಜಮೀನೇ ಸೇರಿಲ್ಲ. ಎರಡು ಸರ್ವೆ ನಂಬರು ಇದ್ದವರದ್ದು ಒಂದೇ ಇದೆ. ಬಿಟ್ಟುಹೋದದ್ದನ್ನು ಸೇರಿಸಿಕೊಳ್ಳಿ ಎಂದು ಆ ನವೆಂಬರಿನಲ್ಲಿ ಸರಕಾರವೇ ಡಂಗುರ ಸಾರಬೇಕಾಯಿತು. 2024ರ ಜನವರಿಯಲ್ಲಿ ಮೊದಲ ಕಂತೆಂದು 2,000 ರೂಪಾಯಿವರೆಗೆ ಖಾತೆಗೆ ಬಿತ್ತು. ಮಧ್ಯವರ್ತಿಗೆ ಕೈಬಿಸಿ ಮಾಡದೆ ಬಂದ ದುಡ್ಡು ಅದು, ಮೆಚ್ಚಬೇಕಾದ್ದೇ. ಆದರೆ ಪಟ್ಟಿಯಲ್ಲಿ ಇಲ್ಲದ ಹೊಲ ಎಷ್ಟು ಒಣಗಿದರೂ ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ನನ್ನದೇ ಉದಾಸೀನ

ಇಲ್ಲಿ ನನ್ನ ಕತೆಯನ್ನೂ ಹೇಳಬೇಕು. ತಂದೆ ಹೋಗಿ ಹನ್ನೊಂದು ವರ್ಷ ಆದರೂ ಆರ್‌ಟಿಸಿ ಅವರ ಹೆಸರಲ್ಲೇ ಇತ್ತು. ಅಣ್ಣತಮ್ಮಂದಿರಲ್ಲಿ ಜಗಳ ಇರಲಿಲ್ಲ, ಹಾಗಾಗಿಯೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2019ರಲ್ಲಿ ಪಿಎಂ ಕಿಸಾನ್ ಬಂತು, ವರ್ಷಕ್ಕೆ 6,000. ತಂದೆಯ ಹೆಸರಲ್ಲಿ ಜಮೀನುಂಟು, ಆದರೆ ತಂದೆ ಇಲ್ಲ. ನಾನು ಇದ್ದೇನೆ, ನನ್ನ ಹೆಸರಲ್ಲಿ ಜಮೀನಿಲ್ಲ. ತೋಟದಲ್ಲಿ ಬೆವರು ಸುರಿಸಿ ದುಡಿಯುತ್ತಿದ್ದರೂ ಲೆಕ್ಕಕ್ಕೆ ನಾನು ರೈತನೇ ಅಲ್ಲ. ಹಿಂದೆಲ್ಲ ಶಾನುಭೋಗರಿಗೆ ನಮ್ಮ ಮುಖ ಪರಿಚಯ ಇತ್ತು, ನಡೆಯುತ್ತಿತ್ತು. ಯಂತ್ರಕ್ಕೆ ಮುಖದಾಕ್ಷಿಣ್ಯ ಉಂಟೇ? ಪೌತಿ ಖಾತೆ ಮಾಡಿಸಿಕೊಳ್ಳಲು ಮತ್ತೆ ಎರಡು ವರ್ಷ ಹೋಯಿತು. ರಾಜ್ಯದಲ್ಲಿ ಇಂಥ ಆರ್‌ಟಿಸಿಗಳು ಲಕ್ಷಗಟ್ಟಲೆ ಇವೆ. ಅದಕ್ಕೇ 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಎಂಬ ಆಂದೋಲನ ಶುರು ಮಾಡಿತು. ನಿಮ್ಮ ಮನೆಯದ್ದು ಬಾಕಿ ಇದ್ದರೆ ಬೇರೆ ಯಾವ ಯೋಜನೆಯ ಹಿಂದೆ ಓಡುವ ಮೊದಲು ಇದನ್ನು ಮುಗಿಸಿ.

ಡ್ರಿಪ್ಪು ಹಾಕಿದವರಿಗೆ ಗೊತ್ತು, ಟ್ಯಾಂಕಿಯ ಬಾಯಲ್ಲಿ ಕಸ ಕೂತರೆ ಗಿಡದ ಬುಡದ ಡ್ರಿಪ್ಪರನ್ನು ಒಂದೊಂದಾಗಿ ಊದಿ ಪ್ರಯೋಜನ ಇಲ್ಲ. ಫಿಲ್ಟರಿಗೆ ಹೋಗಬೇಕು. ಇಲ್ಲಿಯೂ ಅದೇ. ಪೆನ್ಶನ್ ನಿಂತಿತೆಂದು ಪೆನ್ಶನ್ ಕೊಡುವಲ್ಲಿ ಮಾತ್ರ ಗಲಾಟೆ ಮಾಡಿದರೆ ಅವರು ಪರದೆ ತೋರಿಸುತ್ತಾರೆ. ಆ ಪರದೆಗೆ ಆ ಸುದ್ದಿ ಎಲ್ಲಿಂದ ಬಂತು ಎಂದು ಕೇಳಿ. ಹೆಸರು, ವಯಸ್ಸಿನದ್ದಾದರೆ ಆಧಾರ್. ಜಮೀನಿನದ್ದಾದರೆ ಭೂಮಿ. ಸಾವಿನದ್ದಾದರೆ ಇ-ಜನ್ಮ. ಬೆಳೆಯದ್ದಾದರೆ ಬೆಳೆ ಸಮೀಕ್ಷೆ. ಈ ಕೊನೆಯದನ್ನು ಅಡಿಕೆ, ಕಾಳುಮೆಣಸಿನವರು ಮರೆಯುತ್ತಾರೆ. ತೋಟ ತೋಟವೇ, ಸಮೀಕ್ಷೆ ಯಾಕೆ ಎಂಬ ಉದಾಸೀನ. ಸಮೀಕ್ಷೆಯಲ್ಲಿ ಪಾಳು ಎಂದೋ ಬೇರೆ ಬೆಳೆ ಎಂದೋ ಬಿದ್ದರೆ ವಿಮೆ, ಪರಿಹಾರ ಎರಡಕ್ಕೂ ತೊಡಕು. ಬೆಳೆ ದರ್ಶಕ ಎಂಬ ಆ್ಯಪ್‌ನಲ್ಲಿ ನಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ ಎಂದು ನೋಡಬಹುದು, ಆಕ್ಷೇಪವನ್ನೂ ಹಾಕಬಹುದು. ಮನೆಯ ಕಾಲೇಜು ಮಕ್ಕಳಿಗೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ವಿಷಯ ಬ್ಯಾಂಕಿನದ್ದು. ಆಧಾರ್ ಮೂಲಕ ಬರುವ ದುಡ್ಡು ನಾವು ಹೇಳಿದ ಖಾತೆಗೇ ಬರಬೇಕೆಂದಿಲ್ಲ, ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೇವೋ ಅಲ್ಲಿಗೆ ಬರುತ್ತದೆ. ಪರಿಹಾರ ಬಂದಿಲ್ಲ ಎಂದು ಬೈದಾಡುತ್ತಿದ್ದ ಒಬ್ಬರ ದುಡ್ಡು, ಅವರೇ ಮರೆತಿದ್ದ ಪೇಟೆಯ ಒಂದು ಖಾತೆಯಲ್ಲಿ ಒಂದು ವರ್ಷ ತಣ್ಣಗೆ ಮಲಗಿತ್ತು.

ಬೇರೆ ಕಡೆ

ಪಟ್ಟಿ ಪಟ್ಟಿಗೆ ಜೋಡಿಸಿ ತೊಂದರೆಗೆ ಬಿದ್ದವರು ನಾವು ಮಾತ್ರ ಅಲ್ಲ. 2022ರಲ್ಲಿ ಹರಿಯಾಣದ ರೋಹ್ತಕ್ ಜಿಲ್ಲೆಯಲ್ಲಿ 102 ವರ್ಷದ ಅಜ್ಜನೊಬ್ಬರ ಪೆನ್ಶನ್, ಸತ್ತಿದ್ದಾರೆ ಎಂಬ ದಾಖಲೆಯಿಂದ ನಿಂತಿತು. ಅವರು ಮದುಮಗನ ಹಾಗೆ ರಥ ಏರಿ, ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಹೊರಟರು. ದೇಶವೆಲ್ಲ ಸುದ್ದಿಯಾದ ಮೇಲೆ ಪೆನ್ಶನ್ ಬಂತು. ನಮ್ಮ ಕೆಳಮನೆ ಅಜ್ಜಿಗೆ ರಥ ಎಲ್ಲಿಂದ ತರುವುದು? ತೆಲಂಗಾಣದಲ್ಲಿ ಕಂಪ್ಯೂಟರಿನ ತಾಳೆ ನೋಡಿ ಸುಮಾರು 19 ಲಕ್ಷ ರೇಷನ್ ಕಾರ್ಡು ರದ್ದು ಮಾಡಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮನೆಗಳಿಗೆ ಹೋಗಿ ಪುನಃ ಪರಿಶೀಲಿಸಿ ಎಂದು ಕೋರ್ಟು 2022ರಲ್ಲಿ ಹೇಳಿತು. ನಮ್ಮಲ್ಲೂ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದತಿಯ ಗದ್ದಲ ಎದ್ದು, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರದ್ದನ್ನು ವಾಪಸು ಕೊಡಬೇಕಾಯಿತು. ಗೃಹಲಕ್ಷ್ಮಿಯಲ್ಲೂ ಹಾಗೆ, ಬೀಡಿ ಕಟ್ಟುವ ಹೆಂಗಸರೂ ಜಿಎಸ್‌ಟಿ ಕಟ್ಟುವವರ ಪಟ್ಟಿಯಲ್ಲಿ ಸಿಕ್ಕಿಬಿದ್ದ ಕತೆ ಊರೂರಲ್ಲಿ ಉಂಟು.

ಬ್ರಿಟನ್ನಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಅಲ್ಲಿ ಸಾವನ್ನು ಸ್ಥಳೀಯ ನೋಂದಣಿ ಕಚೇರಿಯಲ್ಲಿ ಬರೆಸುವಾಗ ಮನೆಯವರಿಗೆ ಒಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಮನೆಯವರು ಅದನ್ನು ಹಿಡಿದು ಒಂದೇ ಸಲ ವಿವರ ಕೊಟ್ಟರೆ ಪೆನ್ಶನ್, ತೆರಿಗೆ, ಪಾಸ್‌ಪೋರ್ಟ್, ಸ್ಥಳೀಯ ಆಡಳಿತ ಎಲ್ಲ ಕಡೆಗೂ ತಿಳಿಯುತ್ತದೆ. ಹೇಳುವವರು ಮನೆಯವರೇ. ಯಾರು ಸತ್ತದ್ದು ಎಂಬುದು ಅವರಿಗೆ ಗೊತ್ತಿರುತ್ತದಲ್ಲ! ನಮ್ಮಲ್ಲೂ ಹೆಸರು ತೆಗೆಯುವ ಮೊದಲು ಪಂಚಾಯತಿನ ಒಬ್ಬರು ಮನೆಗೆ ಒಂದು ಫೋನು ಮಾಡಿ ಕೇಳಿದ್ದರೆ ಸಾಕಿತ್ತು. ಪಟ್ಟಿಯನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ನಾವು ಕೆಲವರು ಈ ಸಲ ಬರೆದು ಕೊಟ್ಟಿದ್ದೇವೆ. ಯಾರು ಬದುಕಿದ್ದಾರೆ ಎಂಬುದು ಊರಿಗೆ ಗೊತ್ತಿರುವಷ್ಟು ಬೆಂಗಳೂರಿಗೆ ಗೊತ್ತಿರುವುದಿಲ್ಲ.

ನಾವು ಮಾಡಿದ್ದು

ಅಜ್ಜಿಯ ವಿಷಯದಲ್ಲಿ ಮೊದಲು ಮರಣದ ದಾಖಲೆಯ ನಂಬರನ್ನೇ ತಿದ್ದಿಸಿದೆವು. ಆಮೇಲೆ ಉಳಿದದ್ದು. ಬಾಯಿಮಾತಿನಲ್ಲಿ ಹೇಳಿದ್ದು ಎಲ್ಲಿಯೂ ನಿಲ್ಲಲಿಲ್ಲ. ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಂಡ ದಿನದಿಂದ ಕೆಲಸ ಶುರುವಾಯಿತು. ಸಕಾಲದಲ್ಲಿ ಬರುವ ಸೇವೆಯಾದರೆ ಆ ನಂಬರು ಕೇಳಿ ಪಡೆಯಿರಿ, ಅದಕ್ಕೆ ದಿನದ ಗಡುವು ಉಂಟು. ಯಾವ ಕಾರಣಕ್ಕೆ, ಯಾವ ದಿನ, ಯಾವ ದಾಖಲೆ ನೋಡಿ ನಿಲ್ಲಿಸಿದಿರಿ ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದ್ದೂ ಒಳ್ಳೆಯದಾಯಿತು. ಉತ್ತರ ಬರುವ ಮೊದಲೇ ಕಡತ ಚುರುಕಾಯಿತು. ಜೆರಾಕ್ಸ್ ಕೊಡುವಾಗ ಒಂದು ಹಾಳೆಯಲ್ಲಿ ಒಬ್ಬರದ್ದೇ ಕಾರ್ಡು ಇರಲಿ. ಟೈಪ್ ಆದ ಮೇಲೆ ನಂಬರಿನ ಕೊನೆಯ ನಾಲ್ಕು ಅಂಕೆ ಓದಿಸಿ ಕೇಳಿ, ನಾಚಿಕೆ ಬೇಡ.

ಅಜ್ಜಿಯ ಪೆನ್ಶನ್ ಏಳನೇ ತಿಂಗಳು ಶುರುವಾಯಿತು. ನಡುವಿನ ಆರು ತಿಂಗಳ 7,200 ರೂಪಾಯಿ ಇದನ್ನು ಬರೆಯುವಾಗಲೂ ಬಂದಿಲ್ಲ, ಅರ್ಜಿ ಹಾಕಿದ್ದೇವೆ. ರೇಷನ್ ಕಾರ್ಡಿಗೆ ಹೆಸರು ಸೇರಿದೆ. ಈ ತರ ನಿಂತುಹೋದ ಬಾಕಿಯನ್ನು ಪೂರ್ತಿ ಪಡೆದವರು ಓದುಗರಲ್ಲಿ ಯಾರಾದರೂ ಇದ್ದರೆ, ಹೇಗೆ ಪಡೆದಿರಿ ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಅಜ್ಜಿಗೆ ಓದಿ ಹೇಳುತ್ತೇನೆ.