ಜಲಬೂಷ್ಟಿನ ಬೀಜಾಣುಗಳ ಹೊರಮೈ

ಬೀದರ ನಗರವಿರುವ ಪ್ರಸ್ಥಭೂಮಿಯು ಜಂಬಿಟ್ಟಿಗೆಯ ಕೆಂಪುನೆಲ. ಭಾಲ್ಕಿ, ಔರಾದಗಳ ಕಡೆಗೆ ಹೋದಂತೆಲ್ಲ ಬಹುಮಟ್ಟಿಗೆ ಎರೆಯ ಕರಿನೆಲ. ಕರಿನೆಲವು ಮಳೆಗಾಲದ ನೀರನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ಶುಂಠಿಯ ಗಡ್ಡೆ ಕೊಳೆಯುವುದಕ್ಕೂ ತೊಗರಿಯ ಕಾಂಡವು ಸುಟ್ಟಂತಾಗಿ ಒಣಗುವುದಕ್ಕೂ ಹೀಗೆ ನಿಂತ ನೀರು ಸಹಕಾರಿಕಾರಣವಾಗುವುದು. ಮುಖ್ಯಕಾರಣವಾದರೋ ಬರಿಗಣ್ಣಿಗೆ ಕಾಣದ ಜಲಬೂಷ್ಟುಗಳು. ಮೊದಲನೆಯ ರೋಗಕ್ಕೆ ಪಿಥಿಯಮ್, ಎರಡನೆಯದಕ್ಕೆ ಫೈಟಾಫ್ತೊರ ಎಂದು ಅವುಗಳ ಹೆಸರು.

ಬೂಷ್ಟೆಂಬ ಮಾತು ಹಳಸಿದ ರೊಟ್ಟಿಯ ಮೇಲೆ ಹಬ್ಬುವ ಶಿಲೀಂಧ್ರಕ್ಕೂ ಇವಕ್ಕೂ ಸಮಾನವಾಗಿ ಸಲ್ಲುತ್ತಿದೆ. ಎರಡೂ ಎಳೆಯೆಳೆಯಾಗಿ ಹರಡುವುವು. ಎರಡೂ ಬೀಜಾಣುಗಳಿಂದ ವೃದ್ಧಿಹೊಂದುವುವು. ಆದರೆ ಆಕಾರಸಾದೃಶ್ಯವೊಂದರಿಂದಲೇ ಮಾಡಿದ ಈ ಲಕ್ಷಣದಲ್ಲಿ ತಾರ್ಕಿಕರು ಹೇಳುವ ಅತಿವ್ಯಾಪ್ತಿದೋಷವುಂಟು. ಅದು ಶಬ್ದವಿಚಾರದ ದೋಷಮಾತ್ರವಲ್ಲ, ರೈತನ ಹಣವನ್ನೂ ಬೆಳೆಯನ್ನೂ ಕಳೆಯತಕ್ಕ ದೋಷವೆಂಬುದು ಬೀಜಾಣುವಿನ ಹೊರಮೈಯನ್ನು ಪರೀಕ್ಷಿಸಿದರೆ ಸ್ಪಷ್ಟವಾಗುವುದು.

ಈ ಜೀವಿಗಳಲ್ಲಿ ಮೊದಲು ವಿಚಾರಿಸತಕ್ಕುದು ಚರಬೀಜಾಣು. ಅದರ ಗಾತ್ರವು ಮಿಲಿಮೀಟರಿನ ಸುಮಾರು ನೂರನೆಯ ಒಂದು ಪಾಲು. ಅದಕ್ಕೆ ಗೋಡೆಯೇ ಇಲ್ಲ. ತೆಳುವಾದ ಪೊರೆಯೊಂದೇ ಆವರಣ. ಈಜುವುದಕ್ಕೆ ಎರಡು ಕಶಾಂಗಗಳುಂಟು: ಮುಂದಣದು ಸೂಕ್ಷ್ಮರೋಮಗಳಿಂದ ಕೂಡಿದುದು, ಹಿಂದಣದು ನಯವಾದ ಚಾಟಿಯಂತಹುದು. ಬೇರುಗಳಿಂದ ಒಸರುವ ದ್ರವ್ಯಗಳ ಜಾಡನ್ನು ಹಿಡಿದು ಇದು ನೀರಿನಲ್ಲಿ ಬೇರಿನತ್ತ ಸಾಗುವುದು.

ಬೇರನ್ನು ಮುಟ್ಟಿದೊಡನೆ ಅವಸ್ಥಾಂತರವಾಗುವುದು. ಪೊರೆಯ ಒಳಬದಿಯಲ್ಲಿ ಮೊದಲೇ ಸಿದ್ಧವಾಗಿರುವ ಸಣ್ಣ ಚೀಲಗಳು ಒಡೆದು, ಅಂಟಿನಂತಹ ಪ್ರೋಟೀನುಗಳನ್ನು ಹೊರಸೂಸುವುವು. ಬೀಜಾಣುವು ಬೇರಿಗೆ ಕಚ್ಚಿಕೊಳ್ಳುವುದು. ಕಶಾಂಗಗಳು ಲೋಪವಾಗಿ, ಕೆಲವೇ ನಿಮಿಷಗಳಲ್ಲಿ ಸುತ್ತಲೂ ಗೋಡೆಯೇರ್ಪಡುವುದು. ಇದು ಕೋಶಸ್ಥ ಬೀಜಾಣು. ಮೀನುಗಳನ್ನು ಪೀಡಿಸುವ ಸಾಪ್ರೊಲೆಗ್ನಿಯ ಎಂಬ ಬಂಧುವಿನಲ್ಲಿ ಈ ಗೋಡೆಯ ಮೇಲೆ ಕೊಕ್ಕೆಯಂತೆ ಬಾಗಿದ ರೋಮಗಳೂ ಕಾಣುವುವು. ಸ್ತ್ರೀಪುರುಷಾಂಗಗಳ ಸಂಯೋಗದಿಂದ ಹುಟ್ಟುವ ಸುಪ್ತಬೀಜಾಣು ಬೇರೊಂದು ಬಗೆ. ದಪ್ಪವಾದ ಹಲವು ಪದರಗಳ ಗೋಡೆಯಿರುವುದರಿಂದ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುದು.

ಇನ್ನು ಗೋಡೆಯ ದ್ರವ್ಯವಿಚಾರ. ಶಿಲೀಂಧ್ರಗಳ ಗೋಡೆಯಲ್ಲಿ, ಏಡಿಯ ಚಿಪ್ಪಿನಲ್ಲಿರುವಂತೆ, ಕೈಟಿನ್ ಪ್ರಧಾನವಾದ ಅಂಗ. ಜಲಬೂಷ್ಟಿನ ಗೋಡೆಯಲ್ಲಾದರೋ ಬೀಟಾ-ಗ್ಲೂಕನ್ನುಗಳೇ ಅಧಿಕ. ಜೊತೆಗೆ ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸ್ ಉಂಟು. ಕೈಟಿನ್ ಇಲ್ಲ, ಇದ್ದರೂ ಅತ್ಯಲ್ಪ. ಗೋಡೆಯ ರಸಾಯನವನ್ನೇ ವರ್ಗೀಕರಣಕ್ಕೆ ಪ್ರಮಾಣವಾಗಿ ಬಾರ್ಟ್ನಿಕಿ-ಗಾರ್ಸಿಯ ಎಂಬ ವಿದ್ವಾಂಸನು ೧೯೬೮ರಲ್ಲಿ ವಿವರಿಸಿದನು. ಅನಂತರದ ವಂಶಪರೀಕ್ಷೆಯಿಂದ ಇವು ಕಂದು ಪಾಚಿಗಳ ಬಂಧುಗಳೆಂದು ಸಿದ್ಧವಾಗಿದೆ.

ಪೊರೆಯಲ್ಲಿಯೂ ಭೇದವುಂಟು. ಶಿಲೀಂಧ್ರವು ತನ್ನ ಪೊರೆಗೆ ಬೇಕಾದ ಎರ್ಗೋಸ್ಟೆರಾಲನ್ನು ತಾನೇ ತಯಾರಿಸುವುದು. ಅದನ್ನು ತಡೆಯುವುದೇ ಅಜೋಲ್ ವರ್ಗದ ಔಷಧಗಳ ಕೆಲಸ. ಪಿಥಿಯಮ್, ಫೈಟಾಫ್ತೊರಗಳು ಸ್ಟೆರಾಲನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಯವನ್ನು ತಡೆಯುವುದೆಂತು? ಆದುದರಿಂದ ಬೂಷ್ಟಿನ ಔಷಧವೆಂಬ ಹೆಸರನ್ನು ಮಾತ್ರ ನಂಬಿ ಅದನ್ನು ಕೊಳೆಯುತ್ತಿರುವ ಶುಂಠಿಗೆ ಹಾಕಿದವನ ವ್ಯಯವು ವ್ಯರ್ಥವಾಗುವುದು.

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನನು ೧೯೧೦ರಲ್ಲಿ ಅಡಕೆಯ ಕೊಳೆರೋಗಕ್ಕೆ ಫೈಟಾಫ್ತೊರವೇ ಕಾರಣವೆಂದು ನಿರೂಪಿಸಿದನು. ಆ ರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣವು ಮಳೆಗೆ ಮುಂಚೆ ಸಿಂಪಡಿಸಿದರೆ ಫಲಿಸುವುದು. ಏಕೆಂದರೆ ತಾಮ್ರವು ಬೀಜಾಣುವನ್ನು ಅದು ಗಿಡವನ್ನು ಹೊಗುವ ಮೊದಲೇ ಕೊಲ್ಲುವುದು. ನೆಲದೊಳಗಣ ರೋಗಕ್ಕೆ ಮೊದಲ ಉಪಾಯ ಬಸಿಗಾಲುವೆ: ಈಜುವ ಬೀಜಾಣುವಿಗೆ ನೀರೇ ದಾರಿ. ರೋಗವಿಲ್ಲದ ಬಿತ್ತನೆಗಡ್ಡೆಯನ್ನು ಆರಿಸಿ ಏರುಮಡಿಯಲ್ಲಿ ನೆಡುವುದೂ, ರೋಗ ಬಂದ ನೆಲದಲ್ಲಿ ಮತ್ತೆ ಮತ್ತೆ ಅದೇ ಬೆಳೆಯನ್ನಿಡದಿರುವುದೂ ಸುಪ್ತಬೀಜಾಣುವಿನ ದೀರ್ಘಾಯುಸ್ಸನ್ನು ನೆನೆದರೆ ಯುಕ್ತವೆಂದು ತೋರುವುದು.

ಹೀಗೆ ಹೊರಮೈಯ ಪರೀಕ್ಷೆಯಿಂದ ಲಕ್ಷಣವೂ, ಲಕ್ಷಣದಿಂದ ಚಿಕಿತ್ಸೆಯೂ ನಿರ್ಣೀತವಾಗುತ್ತವೆ. ಜಲಬೂಷ್ಟೆಂಬ ರೂಢಿಯ ಹೆಸರು ಇರಲಿ. ಅದು ಬೂಷ್ಟಿನಲ್ಲಿ ಒಂದು ಭೇದವಲ್ಲ, ಬೇರೊಂದು ಕುಲವೆಂಬ ವಿವೇಕವು ಮಾತ್ರ ಅದರೊಡನೆ ಇರತಕ್ಕುದು.